ಅವ್ವನ ಅಂಗೈಗೆ ಹಚ್ಚಿದ ಎಣ್ಣೆ

ಹೋದ ವಾರ ಮೊಮ್ಮಗಳ ತಲೆಗೆ ಹಚ್ಚಲು ಕೊಬ್ಬರಿ ಎಣ್ಣೆ ಬಿಸಿ ಮಾಡಿದೆ. ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಬಿಟ್ಟಿತು. "ಹಚ್ಚಜ್ಜಿ, ಏನ್ ನೋಡ್ತಿ?" ಅಂದಳು. ಹಚ್ಚಿದೆ. ಆಮೇಲೆ ಸೋಪು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದೆ. ನಾನು ಅಡಿಗೆ ಮಾಡುತ್ತಿದ್ದ ಮನೆಯ ಬ್ರದರ್ ತೀರಿಹೋಗಿ ಎಷ್ಟೋ ವರ್ಷವಾಯಿತು, ಆ ವಾಸನೆ ಮಾತ್ರ ನನ್ನನ್ನು ಬಿಟ್ಟಿಲ್ಲ...

ಈಗ ಶಾಮನೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊದಲು ಹರಿಹರದಲ್ಲಿ, ಕ್ಯಾಥೊಲಿಕ್ ಬ್ರದರ್‌ಗಳು ಇರುತ್ತಿದ್ದ ಒಂದು ಮನೆಯಲ್ಲಿ ಅಡಿಗೆ ಮಾಡುತ್ತಿದ್ದೆ. ನಾನು ಅವರ ಧರ್ಮದವಳಲ್ಲ, ಓದಿದ್ದೂ ಅಷ್ಟಕ್ಕಷ್ಟೆ. ಫಾದರ್ ಬೇರೆ, ಬ್ರದರ್ ಬೇರೆ ಅಂತ ತಿಳಿಯುವುದಕ್ಕೇ ಬಹಳ ದಿನ ಹಿಡಿಯಿತು. ಬ್ರದರ್‌ಗೂ ಮದುವೆಯಿಲ್ಲ, ಸ್ವಂತ ಆಸ್ತಿಯಿಲ್ಲ, ಹೊತ್ತುಹೊತ್ತಿಗೆ ಪ್ರಾರ್ಥನೆ. ಆದರೆ ಪೂಜೆ ನಡೆಸುವುದು, ಪಾಪ ಕೇಳಿ ಕ್ಷಮಿಸುವುದು, ಸಾಯುವವರ ಹಣೆಗೂ ಅಂಗೈಗೂ ಮಂತ್ರಿಸಿದ ಎಣ್ಣೆ ಹಚ್ಚುವುದು, ಇವೆಲ್ಲ ಫಾದರ್ ಕೆಲಸ. ಬ್ರದರ್ ಮುಟ್ಟುವ ಹಾಗಿಲ್ಲ.

ನಾನು ಹೇಳುತ್ತಿರುವ ಬ್ರದರ್ ಅವರಲ್ಲೊಬ್ಬರು. ಬದನೆ ಗಿಡಕ್ಕೆ ನೀರು ಹಾಯಿಸೋರು, ನಲ್ಲಿ ರಿಪೇರಿ ಮಾಡೋರು. ಒಂದಿನ ಕೇಳಿಯೇ ಬಿಟ್ಟೆ: "ಎಲ್ಲಾ ಬಿಟ್ಟು ಬಂದೋರು ಫಾದರ್ರೇ ಆಗಬೇಕಿತ್ತಲ್ರಿ. ಓದು ತಲೆಗೆ ಹತ್ತಲಿಲ್ಲೇನು?"

ನಕ್ಕರು. "ದೇವರು ಕರೆದದ್ದು ಇಷ್ಟಕ್ಕೇ, ಅಕ್ಕಾ. ಊಟಕ್ಕೆ ಕರೆದ ಮನೀಗೆ ಹೋಗಿ ಯಜಮಾನಿಕಿ ಕೇಳ್ತಾರೇನು?"

ಅವರ ಅವ್ವನಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಊರ ತುಂಬಾ "ನನ್ನ ಮಗ ಫಾದರ್" ಅಂತಲೇ ಹೇಳಿಕೊಂಡು ತಿರುಗಿದಳು. ಹೇಳಿ ಹೇಳಿ ಕೊನೆಗೆ ತಾನೇ ನಂಬಿದಳು. ಮುದುಕಿಯ ಸಂತೋಷ ಯಾಕೆ ಕೆಡಿಸಲಿ ಅಂತ ಇವರೂ ಸುಮ್ಮನಿದ್ದರು.

ಆಕೆಗೆ ಕಾಯಿಲೆ ಜೋರಾದಾಗ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು. ನೋಡಿಕೊಳ್ಳಲು ನಾನು ಹೋಗಿದ್ದೆ. ಒಂದು ಮಧ್ಯಾಹ್ನ ಉಸಿರು ಏರುಪೇರಾಯಿತು. ಬ್ರದರ್ ಹರಿಹರದ ಫಾದರ್‌ಗೆ ಫೋನ್ ಮಾಡಿದರು. ಅವರು ಹೊರಟರು, ಆದರೆ ದಾವಣಗೆರೆ ಊರೊಳಗೆ ರೈಲ್ವೆ ಗೇಟು ಬಿದ್ದು ಅಲ್ಲೇ ಸಿಕ್ಕಿಕೊಂಡರು.

ಮುದುಕಿ ಎರಡೂ ಅಂಗೈ ಚಾಚಿದಳು. "ಫಾದರ್ ಬರ್ತಾರೆ ತಡಿ ಅವ್ವಾ" ಅಂದರು ಬ್ರದರ್.

"ಇನ್ಯಾವ ಫಾದರ್? ನೀ ಇದ್ದೀಯಲ್ಲ. ಹಚ್ಚೋ ಮಗನೇ."

ಬ್ರದರ್ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಕೆ ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಬಹಳ ಹೊತ್ತು... "ಕ್ಷಮಿಸಿದೆ ಅವ್ವಾ" ಅಂದದ್ದಷ್ಟು ನನಗೆ ಕೇಳಿಸಿತು. ಆಮೇಲೆ ಆಕೆಯ ತಲೆ ಬಾಚಲು ನಾನು ಒಯ್ದಿದ್ದ ಕೊಬ್ಬರಿ ಎಣ್ಣೆ ಬಾಟಲಿ ತಗೊಂಡು ಹಣೆಗೂ ಅಂಗೈಗೂ ಹಚ್ಚಿದರು. ಮುದುಕಿ ನಗುಮುಖದಲ್ಲೇ ಹೋದಳು. ಫಾದರ್ ಬಂದಾಗ ಮೈ ಇನ್ನೂ ಬೆಚ್ಚಗಿತ್ತು. ಪ್ರಾರ್ಥನೆ ಮಾಡಿದರು. ಆದರೆ ಸತ್ತ ಮೇಲೆ ಆ ಎಣ್ಣೆ ಹಚ್ಚುವ ಪದ್ಧತಿ ಅವರಲ್ಲಿಲ್ಲ.

ಬ್ರದರ್ ಮಾಡಿದ್ದನ್ನು ಅವತ್ತೇ ಒಪ್ಪಿಕೊಂಡರು. ಅವರ ಮೇಲಿನ ದೊಡ್ಡವರು ಗದರಿಸಿ, ಆಮೇಲೆ ಕ್ಷಮಿಸಿದರು. ಅಲ್ಲಿಗೆ ಮುಗೀತು ಅಂತ ನಾನು ತಿಳಿದೆ. ಮುಗಿಯಲಿಲ್ಲ. ಬ್ರದರ್ ಅಡಿಗೆಮನೆಗೆ ಬಂದು ನಿಲ್ಲೋರು. "ಅವ್ವ ಹೇಳಿದ್ದು ದೇವರಿಗೆ ಮುಟ್ಟಿತೋ ಇಲ್ಲೋ, ಅಕ್ಕಾ? ನನ್ನ ಹತ್ರಾನೇ ಉಳಕೊಂಡೈತೆ."

"ಸಾಯೋ ಹೆಂಗಸಿಗೆ ಸಮಾಧಾನ ಆತು, ಬಿಡ್ರಿ" ಅಂದೆ.

"ಸಮಾಧಾನ ಬೇರೆ, ಕ್ಷಮೆ ಬೇರೆ."

ಹಿತ್ತಲ ಬಾಗಿಲಲ್ಲಿ ಅವ್ವ ಕೈ ಚಾಚಿಕೊಂಡು ನಿಂತಿರ್ತಾಳೆ ಅನ್ನೋರು. ನಾನು ಒಂದು ದಿನವೂ ಕಂಡಿಲ್ಲ. ದೆವ್ವ ಗಿವ್ವ ನಂಬುವವಳೂ ಅಲ್ಲ. ಆದರೂ ಆ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುವುದನ್ನು ಬಿಟ್ಟೆ.

ಕೊನೆಗೆ ಬ್ರದರೇ ಹಾಸಿಗೆ ಹಿಡಿದರು. ಫಾದರ್ ಎಣ್ಣೆ ತಂದರು. ಬ್ರದರ್ ಹಣೆಗೆ ಹಚ್ಚಿಸಿಕೊಂಡರು. ಅಂಗೈ ಕೇಳಿದರೆ ಮುಷ್ಟಿ ಬಿಗಿ ಹಿಡಿದರು. "ಮೊದಲು ಅವ್ವಗೆ" ಅಂದರು. ಬಿಡಿಸಲು ನಾನೂ ನೋಡಿದೆ, ಆಗಲಿಲ್ಲ. ಫಾದರ್ ಮುಷ್ಟಿಯ ಮೇಲೆ, ಹಿಂಗೈಗೇ ಹಚ್ಚಿದರು. ಹೊರಗೆ ಬಂದು ಕಣ್ಣೊರೆಸಿಕೊಂಡು, "ಹಿಂದಿನ ಕಾಲದಾಗ ಹಿಂಗೈಗೆ ಹಚ್ತಿದ್ದದ್ದು ಫಾದರ್‌ಗಳಿಗೆ ಮಾತ್ರ, ಅಮ್ಮಾ. ಅವರ ಅಂಗೈಗೆ ಫಾದರ್ ಆಗೋವಾಗಲೇ ಹಚ್ಚಿರ್ತಾರೆ" ಅಂದರು. ಅವರವ್ವ ಊರ ತುಂಬಾ ಹೇಳಿಕೊಂಡು ತಿರುಗಿದ್ದು ನನಗೆ ನೆನಪಾಯಿತು.

ಈಗ ಆ ಮನೆಗೆ ಹೊಸ ಬ್ರದರ್‌ಗಳು ಯಾರೂ ಬರುತ್ತಿಲ್ಲ. ಬೀಗ ಬಿದ್ದೈತೆ. ಮೊನ್ನೆ ಹರಿಹರಕ್ಕೆ ಹೋಗಿ ಬ್ರದರ್ ಸಮಾಧಿ ನೋಡಿ ಬಂದೆ. ಪಕ್ಕದ ಸಮಾಧಿಗೆ ಹೂ ಇಡುತ್ತಿದ್ದ ಒಬ್ಬ ಹೆಂಗಸು, "ಇವರು ಯಾರಮ್ಮಾ, ಫಾದರ್ರಾ?" ಅಂದಳು.

ಹೌದು ಅನ್ನಬಹುದಿತ್ತು. ಅವರವ್ವನಾಗಿದ್ದರೆ ಅದನ್ನೇ ಅನ್ನುತ್ತಿದ್ದಳು... "ಅಲ್ಲಮ್ಮ, ಬ್ರದರ್" ಅಂದೆ. ಆಕೆ ತಲೆಯಾಡಿಸಿ ಹೋದಳು. ನಾನು ಸಮಾಧಿ ಮೇಲೆ ಬಿದ್ದಿದ್ದ ಒಣ ಎಲೆ ಸರಿಸಿ ಬಸ್ಸಿಗೆ ಹೊರಟೆ.