ಮೆಟ್ಟಿಲ ಮೇಲೆ ಬಿಡಿಸಿಕೊಂಡ ಕೈ

ಬಸವರಾಜ್, ಅಂದು ನೀವು ಪುಸ್ತಕ ತರಲು ಹೊಗೆಯೊಳಕ್ಕೆ ಹಿಂತಿರುಗಿ ಹೋಗಲಿಲ್ಲ. ಹೊರಗೆ ಬರುತ್ತಿದ್ದ ನಿಮ್ಮನ್ನು ಮೆಟ್ಟಿಲ ಮೇಲೆ ತಳ್ಳಿದವಳು ನಾನು. ಆಮೇಲೆ ಸುಳ್ಳು ಹೇಳಿದವಳೂ ನಾನೇ.

ಇಷ್ಟು ಹೇಳಲು ಇಷ್ಟು ವರ್ಷ ಹಿಡಿಯಿತು. ನಿಮಗೆ ಆ ದಿನದ್ದು ಏನೂ ನೆನಪಿಲ್ಲ — ಆದ್ದರಿಂದ ಮೊದಲಿನಿಂದ ಹೇಳಬೇಕು.

ನಾನು ಮೈಸೂರಿನಿಂದ ಹೈದರಾಬಾದಿಗೆ ಬಂದ ಹೊಸತು. ಸಾಫ್ಟ್‌ವೇರ್ ಕಂಪನಿಗಳು ಸಾಲುಸಾಲಾಗಿ ಹುಡುಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದ್ದ ಕಾಲ. ಮಣಿಕೊಂಡದಲ್ಲಿ ಬಾಡಿಗೆ ಕೋಣೆ, ವಾರವಿಡೀ ಕಂಪ್ಯೂಟರಿನ ಮುಂದೆ. ಭಾನುವಾರ ಮಾತ್ರ ನನ್ನದು. ಸಿಕಂದರಾಬಾದಿನ ಹಳೇ ಪುಸ್ತಕದಂಗಡಿಯ ಮಹಡಿಯಲ್ಲಿ ಕಾಮಿಕ್ಸ್ ಪ್ರಿಯರು ಸೇರುತ್ತಾರೆಂದು ಇಂಟರ್ನೆಟ್ಟಿನಲ್ಲಿ ಓದಿ ಹೋದೆ. ತೆಲುಗು, ಹಿಂದಿ, ಇಂಗ್ಲಿಷಿನ ಗದ್ದಲದ ನಡುವೆ ಕನ್ನಡ ಕೇಳಿಸಿದ್ದು ನಿಮ್ಮ ಬಾಯಿಂದ. ಊರು ಲಿಂಗಸುಗೂರು, ಬಾಲಾನಗರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಎಂದಿರಿ. ಆಮೇಲೆ ಪ್ರತಿ ಭಾನುವಾರವೂ ನನಗಾಗಿ ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಕಿಡುತ್ತಿದ್ದಿರಿ.

ಆ ಭಾನುವಾರ ಕೋಣೆ ತುಂಬಿತ್ತು. ನಾವೆಲ್ಲ ಹುಚ್ಚು ಹಿಡಿದಂತೆ ಓದುತ್ತಿದ್ದ ಸರಣಿಯ ಹೊಸ ಸಂಚಿಕೆ ಬಂದಿತ್ತು. ಅದು ಸಿನಿಮಾ ಆಗುತ್ತದೆಂಬ ಸುದ್ದಿಯೂ ಬಂದಿತ್ತು. ಕಥೆಯ ನಾಯಕ ಮುಳುಗುವವರನ್ನು ಎತ್ತಿ ತರುವವನು, ಆದರೆ ನೀರೆಂದರೆ ಅವನಿಗೆ ಜೀವಭಯ. ಸಿನಿಮಾದಲ್ಲಿ ಆ ಭಯವನ್ನೇ ತೆಗೆದುಹಾಕಿದ್ದಾರಂತೆ.

“ಅಂಜಿಕಿ ತಗದ್ರ ಏನ್ ಉಳೀತ್ರಿ? ಅಂಜ್ಕೊಂತನ ಇಳೀತಾನಲ್ಲ, ಅದ ಕಥಿ,” ಎಂದಿರಿ ನೀವು.

“ಹೇಡೀನ ನೋಡೋಕೆ ಯಾರ್ರೀ ಟಿಕೆಟ್ ತಗೋತಾರೆ?” ಎಂದೆ ನಾನು. ನೀವು ನಕ್ಕಿರಿ. ಕಿಟಕಿಯ ಬಳಿ ನಿಂತು ನಾವಿಬ್ಬರೂ ವಾದಿಸುತ್ತಲೇ ಇದ್ದೆವು.

ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಕೆಳಗೆ ಮೀಟರ್ ಬೋರ್ಡಿನ ಕಡೆಯಿಂದ ಚಟಚಟ ಸದ್ದು. ಯಾರೋ ಹಿಂದಿಯಲ್ಲಿ ಕೂಗಿದರು — “ಆಗ್! ಭಾಗೋ!” ಬೆಂಕಿ, ಓಡಿ ಎಂದು.

ಇಳಿಯಲು ಇದ್ದದ್ದು ಒಂದೇ ಮೆಟ್ಟಿಲ ದಾರಿ, ಅದೂ ಇಕ್ಕಟ್ಟಿನದು, ಎರಡೂ ಬದಿಗೆ ಪುಸ್ತಕದ ರಾಶಿ. ಬಾಗಿಲ ಹತ್ತಿರವಿದ್ದವರು ಮೊದಲು ಇಳಿದರು. ಕೊನೆಯಲ್ಲಿ ಉಳಿದವರು ನಾವು. ಇಳಿಯುವಷ್ಟರಲ್ಲಿ ಹೊಗೆ ಮೇಲಕ್ಕೆ ಬಂದಿತ್ತು. ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಉಸಿರೆಳೆದರೆ ಗಂಟಲಿಗೆ ಸುಟ್ಟ ರಬ್ಬರು ತುಂಬಿದಂತೆ. ಹಿಂದಿನಿಂದ ನೀವು ನನ್ನ ಮಣಿಕಟ್ಟು ಹಿಡಿದಿರಿ.

“ಸಹನಾ ಮೇಡಂ, ಕೈ ಬಿಡಬ್ಯಾಡ್ರಿ. ಚಷ್ಮಾ ಬಿತ್ತು, ನನಗೇನೂ ಕಾಣವಲ್ದು.”

ನೀವು ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದೀರಿ ಅನ್ನಿಸಿತು — ಇಲ್ಲ, ಅದೂ ಆಮೇಲೆ ನಾನೇ ಕಟ್ಟಿಕೊಂಡದ್ದು. ಆಗ ಏನೂ ಅನ್ನಿಸಲಿಲ್ಲ. ಬದುಕಬೇಕಿತ್ತು, ಅಷ್ಟೇ. ಕೈ ಕೊಡವಿದೆ, ನೀವು ಬಿಡಲಿಲ್ಲ. ತಿರುಗಿ ಇನ್ನೊಂದು ಕೈಯಿಂದ ನಿಮ್ಮ ಎದೆಗೆ ಬಲವಾಗಿ ತಳ್ಳಿದೆ. ನೀವು ಬಿದ್ದದ್ದು ಕೇಳಿಸಿತು. ಪುಸ್ತಕದ ರಾಶಿ ನಿಮ್ಮ ಮೇಲೆ ಕುಸಿದದ್ದೂ ಕೇಳಿಸಿತು. ನಾನು ಇಳಿದುಬಿಟ್ಟೆ.

ರಸ್ತೆಯಲ್ಲಿ ಅಂಗಡಿಯ ಮಾಲೀಕರು ನನ್ನ ಭುಜ ಹಿಡಿದು ಅಲುಗಿಸಿದರು — ಬಸವರಾಜ್ ಎಲ್ಲಿ? ನನ್ನ ಬಾಯಿಂದ ಒಂದು ವಾಕ್ಯ ತಾನಾಗಿ ಹೊರಬಿತ್ತು: ಪುಸ್ತಕ ತರೋಕೆ ವಾಪಸ್ ಹೋದರು.

ಬೆಂಕಿ ನಂದಿಸಿ ನಿಮ್ಮನ್ನು ಹೊತ್ತು ತಂದರು. ಸೊಂಟದ ಮೂಳೆ ಮುರಿದಿತ್ತು, ಎದೆಯಲ್ಲಿ ಹೊಗೆ ತುಂಬಿತ್ತು. ಊರಿನಿಂದ ನಿಮ್ಮ ತಾಯಿ ಆಸ್ಪತ್ರೆಗೆ ಬಂದರು. “ಹಾಳಾದ ಚಿತ್ರದ ಪುಸ್ತಕಕ್ಕ ಜೀವಾ ಕೊಡಾಕ ಹೋಗಿದ್ನಲ್ಲವ್ವಾ, ನನ್ನ ನೆನಪೂ ಆಗಲಿಲ್ಲೇನು ಇವಗ?” ಎಂದು ನನ್ನ ಕೈ ಹಿಡಿದು ಅತ್ತರು. ನಾನು ಅವರನ್ನು ಸಮಾಧಾನ ಮಾಡಿದೆ. ಹೌದು — ನಾನು.

ನಿಮಗೆ ಮಾತು ಬಂದ ದಿನ, ಅವರು ನೀರು ತರಲು ಹೋಗಿದ್ದಾಗ, ನನ್ನನ್ನು ಕೇಳಿದಿರಿ: “ನಾ ಖರೇನ ಪುಸ್ತಕ ತರಾಕ ಹೋಗಿದ್ನೇನ್ರಿ? ಏನೂ ನೆನಪ ಆಗವಲ್ದು.”

ನಿಜ ಹೇಳಲು ಅದೊಂದು ಅವಕಾಶವಿತ್ತು. ಪೊಲೀಸರು, ಆಫೀಸು, ಮೈಸೂರಿನ ಅಪ್ಪ, ಎಲ್ಲರ ಮುಖಗಳೂ ಒಟ್ಟಿಗೆ ಕಣ್ಣೆದುರು ಬಂದವು. “ಹೌದು,” ಎಂದೆ. ನೀವು ನಾಚಿಕೆಯಿಂದ ಗೋಡೆಯ ಕಡೆ ತಿರುಗಿಕೊಂಡಿರಿ.

ನಿಮ್ಮ ಕೋಣೆಯ ಕಾಮಿಕ್ಸನ್ನೆಲ್ಲ ನಿಮ್ಮ ತಾಯಿ ರದ್ದಿಗೆ ಹಾಕಿಸಿದರು. ಕಟ್ಟು ಕಟ್ಟಿಕೊಟ್ಟವಳು ನಾನೇ. ಬೇಡಿ ಎನ್ನಲು ಯಾವ ಬಾಯಿ ಇತ್ತು ನನಗೆ? ಅವರು ನಿಮ್ಮನ್ನು ಊರಿಗೆ ಕರೆದೊಯ್ದರು. ನೀವು ಕೋಲೂರಿ ಬಸ್ಸು ಹತ್ತುತ್ತಿದ್ದುದನ್ನು ದೂರದಿಂದ ನೋಡಿದೆ, ಹತ್ತಿರ ಬರಲಿಲ್ಲ.

ಗುಂಪಿನಲ್ಲಿ ನಿಮ್ಮದೊಂದು ದಂತಕಥೆಯಾಯಿತು. ಹೊಸ ಸಂಚಿಕೆ ಬಂದಾಗಲೆಲ್ಲ ಯಾರಾದರೂ ಹೇಳುತ್ತಾರೆ — ಕಾಮಿಕ್ಸಿಗಾಗಿ ಬೆಂಕಿಗೆ ಹಾರಿದವನೊಬ್ಬನಿದ್ದ. ಕೆಲವರು ನಗುತ್ತಾರೆ, ಕೆಲವರು ಕೈ ಮುಗಿಯುತ್ತಾರೆ. ನಿಮಗೆ ನೆನಪು ಮರಳೀತೆಂದು ಹೆದರಿ ನಂಬರು ಬದಲಿಸಿದೆ, ಮನೆ ಬದಲಿಸಿದೆ. ಜನಸಂದಣಿಯಲ್ಲಿ ಯಾರ ಕೈಯಾದರೂ ಮಣಿಕಟ್ಟಿಗೆ ತಗುಲಿದರೆ ಇಂದಿಗೂ ಕಿರುಚಿಬಿಡುತ್ತೇನೆ. ಗಂಡ ಕಾರಣ ಕೇಳುತ್ತಾನೆ. ಅವನಿಗೂ ಹೇಳಿಲ್ಲ.

ಹೋದ ವಾರ ಇಂಟರ್ನೆಟ್ಟಿನಲ್ಲಿರುವ ನಮ್ಮ ಗುಂಪಿಗೆ ನೀವು ಸೇರಿದಿರಿ. ಯಾರೋ ಗುರುತು ಹಿಡಿದು ಆ ಹಳೇ ಕಥೆ ಎತ್ತಿದರು. ನೀವು ಬರೆದಿರಿ: “ಆ ಹುಚ್ಚುತನಕ್ಕ ನಮ್ಮವ್ವ ಇನ್ನೂ ಬೈತಾಳ್ರಿ. ಒಮ್ಮೊಮ್ಮೆ ಕನಸಿನ್ಯಾಗ ಯಾರದೋ ಕೈ ಹಿಡಕೊಂಡಿರ್ತೀನಿ. ಯಾರದಂತ ಗೊತ್ತಾಗಂಗಿಲ್ಲ.”

ಓದಿದೊಡನೆ ನನಗಾದದ್ದು ಪಶ್ಚಾತ್ತಾಪವಲ್ಲ, ಭಯ. ಫೋನನ್ನು ಮಗುಚಿಟ್ಟು ಅಡುಗೆಮನೆಗೆ ಹೋದೆ. ನೀವು ಇನ್ನೂ ಆ ಕೈಯನ್ನು ಹುಡುಕುತ್ತಿದ್ದೀರಿ, ನಾನು ಇನ್ನೂ ಅದನ್ನು ಬಚ್ಚಿಡುತ್ತಿದ್ದೇನೆ — ಅದು ಅರಿವಾದದ್ದು ಆಮೇಲೆ.

ಈ ಕಾಗದವನ್ನು ಅಂಚೆಗೆ ಹಾಕದೆ, ಜೊತೆಯಲ್ಲೇ ಇಟ್ಟುಕೊಂಡು ನಾಳೆ ರಾಯಚೂರಿನ ಬಸ್ಸು ಹಿಡಿದು ಲಿಂಗಸುಗೂರಿಗೆ ಬರುತ್ತೇನೆ. ನಿಮಗೆ ಹೇಳಿದರೆ ಸಾಲದು, ನಿಮ್ಮ ತಾಯಿಯ ಎದುರಿಗೇ ಹೇಳಬೇಕು. ನನ್ನನ್ನು ಕಂಡೊಡನೆ ಅವರು ತಟ್ಟೆ ಹಾಕಿ, “ಮೊದ್ಲ ಉಣ್ಣವ್ವಾ, ಆಮ್ಯಾಗ ಮಾತು” ಎನ್ನುವುದು ನಿಶ್ಚಯ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಆ ಗಳಿಗೆಯದೇ. ಕೂರಬಾರದು. ನಿಂತಲ್ಲೇ, ಅನ್ನ ಬಡಿಸುವ ಮೊದಲೇ ಹೇಳಿಬಿಡಬೇಕು.