ಮಾಲೂರಿನಲ್ಲಿ ಇಲ್ಲದ ಅಂಗಡಿ

ಸಾಹಿತ್ಯೋತ್ಸವಗಳಲ್ಲಿ ಲೇಖಕರ ಮಾತು ಮುಗಿದ ಮೇಲೆ ಒಂದು ಮೈಕು ವೇದಿಕೆಯಿಂದ ಇಳಿದು ಸಭಿಕರ ಕಡೆಗೆ ಬರುತ್ತದಲ್ಲ, ಅದನ್ನು ಕಂಡರೆ ಈಗಲೂ ನನ್ನ ಕಣ್ಣು ಮೊದಲು ಗಡಿಯಾರಕ್ಕೆ ಹೋಗುತ್ತದೆ. ಮೊನ್ನೆ ಬೆಂಗಳೂರಿನ ಅಂಥದೊಂದು ಉತ್ಸವಕ್ಕೆ ಅಣ್ಣನ ಮಗಳು ಗೀತಾ ನನ್ನನ್ನು ಕರೆದುಕೊಂಡು ಹೋಗಿದ್ದಳು. ವೇದಿಕೆಯ ಮೇಲೆ ಒಬ್ಬ ಕಾದಂಬರಿಕಾರ, ಒಬ್ಬ ಸಿನಿಮಾ ನಿರ್ದೇಶಕಿ, ನಡುವೆ ಅವರನ್ನು ಮಾತನಾಡಿಸುವ ಚುರುಕಾದ ಹುಡುಗ. "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದು ಅವನು ಹೇಳಿದ್ದೇ ಮೈಕು ಕುಂಯ್ ಎಂದಿತು. ನನ್ನ ಬಲಗೈ ತಾನಾಗಿಯೇ ಪಕ್ಕದ ಖಾಲಿ ಕುರ್ಚಿಯ ಮೇಲೆ ತಡಕಾಡಿತು.

"ಏನತ್ತೆ, ನೀರು ಬೇಕಾ?" ಎಂದಳು ಗೀತಾ.

ನೀರಲ್ಲ. ಕೈ ಹುಡುಕಿದ್ದು ಒಂದು ಹಿತ್ತಾಳೆ ಗಂಟೆಯನ್ನು. ಅದರ ಕತೆ ಹೇಳಬೇಕಾದರೆ ನಿಮ್ಮನ್ನು ಎಂಬತ್ತರ ದಶಕದ ಮೊದಲ ವರ್ಷಗಳ ಕೋಲಾರಕ್ಕೆ, ಅದಕ್ಕೂ ಮೊದಲು ಮುಳಬಾಗಿಲಿನ ನಮ್ಮ ಮನೆಯ ಜಗುಲಿಗೆ ಕರೆದುಕೊಂಡು ಹೋಗಬೇಕು.

ನಾನು ಹಾಸ್ಟೆಲ್ಲಿನಲ್ಲಿ ಬೆಳೆದವಳು. ಏಳಲು ಗಂಟೆ, ಉಣ್ಣಲು ಗಂಟೆ, ದೀಪ ಆರಿಸಲು ಗಂಟೆ. ಮುಂದೆ ಕೋಲಾರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾದೆ. ಮುಳಬಾಗಿಲಿನ ಅಣ್ಣನ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಾನು ಬೀದಿಯ ತಿರುವಿನಲ್ಲಿ ಕಂಡ ಮೇಲೆ ಎದುರು ಮನೆಯವರು ಹಾಲು ಕಾಯಿಸಲು ಇಡುತ್ತಿದ್ದರಂತೆ. ಇದನ್ನು ಹೊಗಳಿಕೆ ಎಂದುಕೊಂಡೇ ನಾನು ಬಹಳ ವರ್ಷ ಕಳೆದೆ.

ಅಂಥ ನನಗೆ ಸಿಕ್ಕ ಅತ್ತಿಗೆ ಅನಸೂಯಮ್ಮ ಮಾತ್ರ ಗಡಿಯಾರವನ್ನು ಗೋಡೆಯ ಅಲಂಕಾರವೆಂದು ತಿಳಿದವರು. ಅವರು ಸಮಯಕ್ಕೆ ಸರಿಯಾಗಿ ಮಾಡುತ್ತಿದ್ದ ಕೆಲಸ ಒಂದೇ. ವಾರಪತ್ರಿಕೆ ಬರುವ ದಿನ ಮಧ್ಯಾಹ್ನದ ಬಸ್ಸು ಬರುವ ಹೊತ್ತಿಗೆ ಜಗುಲಿ ಗುಡಿಸಿ ಚಾಪೆ ಹಾಸುತ್ತಿದ್ದರು. ಬೀದಿಯ ನಾಲ್ಕಾರು ಹೆಂಗಸರು ಬಂದು ಕೂರುತ್ತಿದ್ದರು, ಒಬ್ಬರ ಮಡಿಲಲ್ಲಿ ಅವರೆಕಾಯಿ, ಇನ್ನೊಬ್ಬರ ಮಡಿಲಲ್ಲಿ ಮಗು. ಎಲ್ಲರದೂ ಮನೆಮಾತು ತೆಲುಗು. ಸಂತೆಯಲ್ಲಿ, ಬಸ್ಸಿನಲ್ಲಿ ಕನ್ನಡ ಆಡಬಲ್ಲವರೇ, ಆದರೆ ಅಕ್ಷರ ಬಾರದು, ಪುಸ್ತಕದ ಕನ್ನಡ ಓದಿ ಹೇಳಿದರೂ ಕಿವಿಗೆ ಹತ್ತದು. ಅತ್ತಿಗೆ ಧಾರಾವಾಹಿಯನ್ನು ಕಣ್ಣಿನಲ್ಲಿ ಕನ್ನಡದಲ್ಲಿ ಓದಿ ಬಾಯಿಯಲ್ಲಿ ತೆಲುಗಿನಲ್ಲಿ ಹೇಳುತ್ತಿದ್ದರು. ತಡೆಯಿಲ್ಲ, ತೊದಲಿಲ್ಲ. ಒಂದು ಕಂತು ಮುಗಿದರೆ ಎಲ್ಲರದೂ ಒಂದೇ ಪ್ರಶ್ನೆ: "ತರ್ವಾತ?" ಆಮೇಲೆ ಏನಾಯಿತು ಎಂದು. "ತರ್ವಾತ ಮುಂದಿನ ವಾರ. ಏಳಿ, ನಿಮ್ಮ ಎಮ್ಮೆ ಕೂಗ್ತಾ ಇದೆ" ಎಂದು ಅತ್ತಿಗೆ ಪತ್ರಿಕೆ ಮಡಚುತ್ತಿದ್ದರು.

ಇನ್ನೊಂದು ಅಭ್ಯಾಸ ಅವರಿಗಿತ್ತು. ಕತೆ ಎಲ್ಲಿ ನಡೆದರೂ ಅದನ್ನು ನಮ್ಮ ಕಡೆಗೆ ತಂದುಬಿಡುವುದು. ಲೇಖಕರು ಮೈಸೂರು ಎಂದು ಬರೆದರೆ ಅತ್ತಿಗೆ ಮಾಲೂರು ಎನ್ನುತ್ತಿದ್ದರು. ಮಾಲೂರು ಅವರ ತವರು. "ಮೈಸೂರು ನಾನೂ ನೋಡಿಲ್ಲ, ಅವರೂ ನೋಡಿಲ್ಲ. ಗೊತ್ತಿಲ್ಲದ ಬೀದೀಲಿ ಆ ಹುಡುಗೀನ ಹೆಂಗೆ ನಡೆಸ್ಲಿ ಕಣೇ?" ಎಂದು ನನ್ನನ್ನೇ ಕೇಳುತ್ತಿದ್ದರು. ಒಬ್ಬರು ಬರೆದದ್ದನ್ನು ಹೀಗೆ ಎತ್ತಿ ಇಡುವುದು ನನಗೆ ಸರಿ ಕಾಣುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ನಾನು ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿರುತ್ತಿದ್ದೆ.

ಆ ಚಾಪೆಯ ತುದಿಯಲ್ಲಿ ಕೂರುತ್ತಿದ್ದವಳು ರತ್ನಮ್ಮ. ಅವಳನ್ನು ಶ್ರೀನಿವಾಸಪುರದ ಕಡೆ ಮಾವಿನ ತೋಪಿನವರ ಮನೆಗೆ ಕೊಟ್ಟಿದ್ದರು. ಗಂಡ ಕೈ ಎತ್ತುತ್ತಿದ್ದ. ಒಂದು ದಿನ ಬಸ್ಸು ಹತ್ತಿ ತಾಯಿಯ ಮನೆಗೆ ಬಂದವಳು ತಿಂಗಳುಗಟ್ಟಲೆ ಯಾರೊಡನೆಯೂ ಹೆಚ್ಚು ಮಾತನಾಡದೆ ಇದ್ದಳು. ಆಗ ಒಂದು ಧಾರಾವಾಹಿ ನಡೆಯುತ್ತಿತ್ತು. ಅದರ ನಾಯಕಿ ವಾಸಂತಿಯೂ ಗಂಡನ ಮನೆಯಿಂದ ಹೊರಬಂದವಳೇ. ಧಾರಾವಾಹಿ ಮುಗಿದ ಮೇಲೆ ರತ್ನಮ್ಮ ಬಾಡಿಗೆಗೆ ಒಂದು ಹೊಲಿಗೆ ಮೆಷಿನ್ನು ತಂದು ತಾಯಿಯ ನಡುಮನೆಯಲ್ಲಿ ಇಟ್ಟುಕೊಂಡಳು. ಬೀದಿಯ ರವಿಕೆಗಳೆಲ್ಲ ಅವಳಿಗೆ ಹೋಗತೊಡಗಿದವು. ನನಗೆ ಗೊತ್ತಿದ್ದದ್ದು ಇಷ್ಟೇ.

ಆ ಬೇಸಿಗೆಯಲ್ಲಿ ಕೋಲಾರದ ಓದುಗರ ಬಳಗವೊಂದು ಸಾಹಿತ್ಯ ಉತ್ಸವ ಮಾಡುವುದೆಂದು ತೀರ್ಮಾನಿಸಿತು. ರಜೆಯಾದ್ದರಿಂದ ಶಾಲೆಯೊಂದರ ಸಭಾಂಗಣ ಸಿಕ್ಕಿತು. ವಾಸಂತಿಯ ಕತೆ ಬರೆದ ಲೇಖಕರು, ಅದನ್ನು ಸಿನಿಮಾ ಮಾಡುತ್ತಿದ್ದ ನಿರ್ದೇಶಕರು, ಇಬ್ಬರೂ ಬಂದು ಓದುಗರ ಪ್ರಶ್ನೆಗಳಿಗೆ ಉತ್ತರಿಸುವುದು ಅದರ ಮುಖ್ಯ ಆಕರ್ಷಣೆ. ಸಮಯ ಪಾಲನೆಯ ಹೊಣೆ ನನ್ನದು. ಬಳಗದ ಕಾರ್ಯದರ್ಶಿ ಹಿತ್ತಾಳೆ ಗಂಟೆಯನ್ನು ನನ್ನ ಕೈಗೆ ಕೊಟ್ಟು, "ಮೇಡಂ, ನಮ್ಮೋರು ಮೈಕು ಹಿಡಿದರೆ ಬಿಡಲ್ಲ, ನೀವಿದ್ದರೆ ಹೆದರ್ತಾರೆ" ಎಂದರು. ಇದನ್ನೂ ಹೊಗಳಿಕೆಯೆಂದೇ ತಿಳಿದೆ.

ಮನೆಗೆ ಬಂದು ಈ ಸುದ್ದಿ ಹೇಳಿದಾಗ ಅತ್ತಿಗೆಯ ಕೈಯಲ್ಲಿದ್ದ ಜರಡಿ ನಿಂತಿತು.

"ಆ ಲೇಖಕರೇ ಬರ್ತಾರಾ? ಖುದ್ದು?"

"ಖುದ್ದು. ನಿಮ್ಮ ಚಾಪೆಯವರನ್ನೆಲ್ಲ ಕರ್ಕೊಂಡು ಬನ್ನಿ ಅತ್ತಿಗೆ."

"ಅದೇ ಕಣೇ ಭಯ."

ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು. ಧಾರಾವಾಹಿಯ ಕೊನೆಯ ಕಂತಿನಲ್ಲಿ ವಾಸಂತಿ ಗಂಡನ ಮನೆಗೆ ಹಿಂದಿರುಗುತ್ತಾಳೆ. ಅವನ ಕಾಲಿಗೆ ಬೀಳುತ್ತಾಳೆ. ಅವನು ಕ್ಷಮಿಸುತ್ತಾನೆ. ಆ ವಾರವೇ ರತ್ನಮ್ಮನ ಗಂಡನ ಕಡೆಯವರು ಮೊದಲ ಸಲ ಹೇಳಿಕಳಿಸಿದ್ದರು. ಅವಳು ಮೊಣಕಾಲಿಗೆ ಗದ್ದ ಊರಿಕೊಂಡು ಅತ್ತಿಗೆಯ ಬಾಯನ್ನೇ ನೋಡುತ್ತ ಕೂತಿದ್ದಳಂತೆ.

"ಕಣ್ಣು ಓದ್ಬಿಡ್ತು, ಬಾಯಿಗೆ ಬರ್ಲಿಲ್ಲ. ಬಸ್ ಹತ್ತಿ ಮಾಲೂರಿಗೆ ಹೋದ್ಳು, ಸ್ಟೇಷನ್ ಎದುರು ಹೊಲಿಗೆ ಅಂಗಡಿ ಇಟ್ಟಳು ಅಂತ ಹೇಳ್ಬಿಟ್ಟೆ. ಕಾಲಿಗೆ ಬೀಳೋಕೆ ಬಂದ ಗಂಡನ್ನ ಅಂಗಡಿ ಬಾಗಿಲಲ್ಲೇ ನಿಲ್ಲಿಸಿದ್ಳು ಅಂತಾನೂ ಹೇಳ್ದೆ. ಬಾಯಿ ಅಲ್ಲಿಗೂ ನಿಲ್ಲಲಿಲ್ಲ, ಅಂಗಡಿಗೆ ನೀಲಿ ಬಣ್ಣದ ಬಾಗಿಲು ಅಂದೆ."

ನನಗೆ ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಈಗ ಶ್ರೀನಿವಾಸಪುರದಿಂದ ಹಿರಿಯರು ಮತ್ತೆ ಬರುವವರಿದ್ದರು, ಉತ್ಸವದ ಮರುದಿನವೇ. ಈ ಸಲ ಕರೆದುಕೊಂಡೇ ಹೋಗುತ್ತೇವೆ ಎಂದಿದ್ದರು. ರತ್ನಮ್ಮ ತಾಯಿಗೆ ಹೇಳಿದ್ದು ಒಂದೇ ಮಾತು: "ಆ ಕತೆ ಬರೆದೋರನ್ನ ಒಂದು ಮಾತು ಕೇಳ್ಕೊಂಡು ಬರ್ತೀನಿ. ಆಮೇಲೆ ಹೇಳ್ತೀನಿ."

"ಹೋಗಿ ಈಗಲೇ ನಿಜ ಹೇಳಿಬಿಡಿ" ಎಂದೆ ಅತ್ತಿಗೆಗೆ. ಹೊರಟರು. ಅರ್ಧ ಗಂಟೆಯ ಮೇಲೆ ಬಂದರು. "ಹೇಳಿದಿರಾ?" ಎಂದರೆ, "ಇಲ್ಲ, ರವಿಕೆಗೆ ಅಳತೆ ಕೊಟ್ಟು ಬಂದೆ" ಎಂದರು. ಮಾರನೆಯ ದಿನವೂ ಹೋದರು. ಮನೆಯಲ್ಲಿ ಇದ್ದಬದ್ದ ರವಿಕೆ ಬಟ್ಟೆಯೆಲ್ಲ ಹೊಲಿಗೆಗೆ ಹೋಯಿತೇ ಹೊರತು ಮಾತು ಹೋಗಲಿಲ್ಲ. ಉತ್ಸವದ ದಿನ ಬೆಳಿಗ್ಗೆ ಬಸ್ಸು ಹತ್ತುವಾಗ ಅತ್ತಿಗೆ ನನ್ನ ತೋಳು ಹಿಡಿದರು. "ಅವಳು ಎದ್ದು ನಿಂತ ತಕ್ಷಣ ಗಂಟೆ ಹೊಡೆದುಬಿಡೇ. ಟೈಮಾಯ್ತು ಅನ್ನು. ನೀನು ಹೇಳಿದ್ರೆ ಯಾರೂ ಅನುಮಾನ ಪಡಲ್ಲ."

ನೀವೇ ಹೇಳಿ, ನಾನು ಏನು ಮಾಡಬೇಕಿತ್ತು? ಹೊತ್ತಿಗೆ ಮೊದಲು ಗಂಟೆ ಹೊಡೆಯುವುದು ನನ್ನ ಮಟ್ಟಿಗೆ ಸುಳ್ಳು ಸಾಕ್ಷಿ ಹೇಳಿದ ಹಾಗೆ. ಹೊಡೆಯದಿದ್ದರೆ, ಒಬ್ಬಳು ಹೆಣ್ಣುಮಗಳು ಕಾಲೂರಿ ನಿಂತಿದ್ದ ನೆಲವೇ ತುಂಬಿದ ಸಭೆಯಲ್ಲಿ ಕುಸಿಯುತ್ತದೆ. ಆ ದಿನ ನೀರಿನ ಹೂಜಿ, ಕುರ್ಚಿಗಳ ಸಾಲು, ಮೈಕಿನ ವೈರು ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸಿದೆ. ಎಲ್ಲವೂ ಸರಿಯಾಗಿದ್ದವು. ಅದರಿಂದ ಆತಂಕ ಇನ್ನೂ ಹೆಚ್ಚಾಯಿತು.

ಅತಿಥಿಗಳು ತಡವಾಗಿ ಬಂದರು. ಲೇಖಕರು ಬಿಳಿ ಜುಬ್ಬದ ಮೃದು ಮಾತಿನ ಮನುಷ್ಯ. ನಿರ್ದೇಶಕರು ಕಪ್ಪು ಕನ್ನಡಕವನ್ನು ಒಳಗೂ ತೆಗೆಯದವರು. ಸಿನಿಮಾದಲ್ಲಿ ಕೊನೆ ಹಾಗೆಯೇ ಇದೆಯೇ ಎಂದು ಕಾಲೇಜು ಹುಡುಗನೊಬ್ಬ ಕೇಳಿದ. ನಿರ್ದೇಶಕರು ಗಂಟಲು ಸರಿಮಾಡಿಕೊಂಡು, "ಸ್ವಲ್ಪ ಬದಲಾಯಿಸಿದೀವಿ. ಗಂಡನ ತೊಡೆ ಮೇಲೆ ಪ್ರಾಣ ಬಿಡ್ತಾಳೆ. ಜನ ಅಳಬೇಕಲ್ಲ" ಎಂದರು. ಲೇಖಕರು ಅವರತ್ತ ತಿರುಗಿ, "ಇದನ್ನ ನನಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದರು. ಸಭೆ ನಕ್ಕಿತು. ಮೂರನೆಯ ಸಾಲಿನಲ್ಲಿ ಅತ್ತಿಗೆ ನಗಲಿಲ್ಲ. ಅವರ ಪಕ್ಕದಲ್ಲಿದ್ದ ರತ್ನಮ್ಮ ಹುಬ್ಬು ಗಂಟಿಕ್ಕಿ ಎದ್ದು ನಿಂತಳು.

ಮೈಕು ಕೈಯಿಂದ ಕೈಗೆ ಅವಳ ಕಡೆ ಸಾಗಿತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ನನ್ನ ಬೆರಳು ಗಂಟೆಯ ಹಿಡಿಯ ಮೇಲಿತ್ತು. ಗಡಿಯಾರ ನೋಡಿದೆ. ಇನ್ನೂ ಸಮಯವಿತ್ತು. ಹೊಡೆಯಲಿಲ್ಲ. ಇದನ್ನು ಧೈರ್ಯವೆಂದು ದಯವಿಟ್ಟು ತಿಳಿಯಬೇಡಿ. ಗಡಿಯಾರ ಹೇಳಿದಂತೆ ಕೇಳುವುದೊಂದೇ ನನಗೆ ಗೊತ್ತಿದ್ದದ್ದು.

"ಸಾರ್, ನಮ್ದು ಮುಳಬಾಗಿಲು" ಎಂದಳು ರತ್ನಮ್ಮ. "ವಾಸಂತಮ್ಮ ಮಾಲೂರಲ್ಲಿ ಅಂಗಡಿ ಇಟ್ಟಳಲ್ಲ, ಆಮೇಲೆ ಏನಾದ್ಳು? ಕತೆ ಅಂತ ಗೊತ್ತು ಸಾರ್. ಆದ್ರೂ ಆ ಕಡೆ ಹೋದಾಗ ಸ್ಟೇಷನ್ ಎದುರು ನೋಡ್ದೆ. ನೀಲಿ ಬಾಗ್ಲು ಎಲ್ಲೂ ಇರ್ಲಿಲ್ಲ. ವ್ಯಾಪಾರ ಆಯ್ತಾ ಇಲ್ವಾ, ಒಂಟಿಯಾಗಿ ತಡ್ಕೊಂಡ್ಳಾ, ಅದೊಂದು ಹೇಳಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಲೇಖಕರು ಮುಂದೆ ಬಾಗಿದರು. "ಯಾವ ಅಂಗಡಿಯಮ್ಮ? ಅವಳು ಗಂಡನ ಮನೆಗೆ ವಾಪಸ್ ಹೋಗ್ತಾಳೆ. ನಾನೇ ಬರೆದಿದ್ದೀನಲ್ಲ."

ರತ್ನಮ್ಮ ತಿರುಗಿ ಅತ್ತಿಗೆಯನ್ನು ನೋಡಿದಳು. "ಅಕ್ಕಾ, ನಿಜಮಾ?" ಎಂದು ಮೆಲ್ಲಗೆ ಕೇಳಿದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿತು. ಅತ್ತಿಗೆ ತಲೆ ತಗ್ಗಿಸಿದರು.

ಈಗ ಸಮಯ ಮುಗಿಯಿತು. ಮುಳ್ಳು ಗೆರೆ ದಾಟುವುದನ್ನು ಕಣ್ಣಾರೆ ಕಂಡೆ. ಕಾರ್ಯದರ್ಶಿ ಪಕ್ಕದಿಂದ ಸನ್ನೆ ಮಾಡಿದರು. ನಾನು ಗಂಟೆಯ ನಾಲಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡೆ, ಅಪ್ಪಿತಪ್ಪಿಯೂ ಸದ್ದಾಗದಿರಲಿ ಎಂದು. ರತ್ನಮ್ಮ ಮೈಕನ್ನು ಹಿಡಿದು ನಿಂತೇ ಇದ್ದಳು. ಅಳುತ್ತಾಳೆ ಎಂದುಕೊಂಡೆ. ಕೂತುಬಿಡುತ್ತಾಳೆ ಎಂದುಕೊಂಡೆ.

"ಹಂಗಾದ್ರೆ ಆಯಮ್ಮ ಹೋಗ್ಲಿ ಬಿಡಿ ಸಾರ್" ಎಂದಳು. "ನಾನು ಹೋಗಲ್ಲ."

ಮೈಕನ್ನು ಮುಂದಿನವರ ಕೈಗೆ ಕೊಟ್ಟು ಕೂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಹೇಳಿದ್ದೇನೆಂದು ಪೂರ್ತಿ ತಿಳಿದವರು ಆ ಸಭೆಯಲ್ಲಿ ಮೂವರೋ ನಾಲ್ವರೋ. ನಿರ್ದೇಶಕರು ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಆಗ ನಾನು ಗಂಟೆ ಹೊಡೆದೆ. ನನ್ನ ಜನ್ಮದಲ್ಲಿ ತಡವಾಗಿ ಹೊಡೆದ ಗಂಟೆ ಅದೊಂದೇ.

ಸಭೆ ಕರಗಿದ ಮೇಲೆ ಲೇಖಕರು ನಮ್ಮನ್ನು ಹುಡುಕಿಕೊಂಡು ಕಂಬದ ಬಳಿ ಬಂದರು. ಸಿಟ್ಟಾಗುತ್ತಾರೆಂದು ಅತ್ತಿಗೆ ನನ್ನ ಹಿಂದೆ ಸರಿದರು. "ನೀವು ಹೇಳಿದ ಕೊನೆ ನನಗೂ ಹೇಳಿ ತಾಯಿ" ಎಂದರು ಅವರು. ಅತ್ತಿಗೆ ಬಾಯಿ ತೆರೆದರು. ಕನ್ನಡದಲ್ಲಿ ಒಂದು ವಾಕ್ಯವೂ ಹೊರಡಲಿಲ್ಲ. ಆ ಕೊನೆ ಹುಟ್ಟಿದ್ದೇ ತೆಲುಗಿನಲ್ಲಿ. ನೆಲ ನೋಡುತ್ತ ತೆಲುಗಿನಲ್ಲೇ ಹೇಳತೊಡಗಿದರು. ಲೇಖಕರಿಗೆ ತೆಲುಗು ಬಾರದು. ಆಗ ರತ್ನಮ್ಮ, ಅದುವರೆಗೂ ಅತ್ತಿಗೆಗೆ ಬೆನ್ನು ಹಾಕಿ ನಿಂತಿದ್ದವಳು, ತಿರುಗಿ ನಿಂತು ಒಂದೊಂದೇ ಮಾತನ್ನು ಕನ್ನಡ ಮಾಡಿ ಅವರಿಗೆ ಕೊಟ್ಟಳು. ಬಸ್ಸು, ಸ್ಟೇಷನ್ನು, ನೀಲಿ ಬಾಗಿಲು, ಬಾಗಿಲಲ್ಲಿ ನಿಂತ ಗಂಡ.

ಲೇಖಕರು ಜುಬ್ಬದ ಜೇಬಿನಿಂದ ಪೆನ್ನು ತೆಗೆದು, "ಮಾಲೂರು ಅಂದ್ರಾ?" ಎಂದಷ್ಟೇ ಕೇಳಿದರು.

ಹಿಂದಿರುಗುವ ಬಸ್ಸಿನಲ್ಲಿ ರತ್ನಮ್ಮ ಅತ್ತಿಗೆಯ ಪಕ್ಕ ಕೂರಲಿಲ್ಲ. ನರಸಾಪುರದ ಕಡೆಯ ತರಕಾರಿ ಬುಟ್ಟಿಗಳ ನಡುವೆ ನಿಂತೇ ಬಂದಳು. ಮುಳಬಾಗಿಲಿನಲ್ಲಿ ಇಳಿದ ಮೇಲೆ ಹತ್ತಿರ ಬಂದಳು.

"ಅಕ್ಕಾ, ನಂಗೆ ಓದೋದು ಕಲ್ಸು. ಇನ್ಮೇಲೆ ನಿನ್ನ ಬಾಯಿ ನಂಬಕ್ಕಾಗಲ್ಲ."

"ಬೈತಾ ಇದ್ದೀಯೇನೇ?"

"ಬೈತಾನೇ ಇದ್ದೀನಿ. ಯಾವತ್ತಿಂದ ಬರ್ಲಿ?"

ಮರುದಿನ ಶ್ರೀನಿವಾಸಪುರದ ಹಿರಿಯರು ಬುಟ್ಟಿ ತುಂಬ ಮಾವಿನಹಣ್ಣು ತಂದಿದ್ದರು. ನಾವು ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. ಹಿರಿಯರ ಮಾತು ಏರುತ್ತಿತ್ತು, ಅದರ ಕೆಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಲ್ಲದೆ ನಡೆದಿತ್ತು. ಸಂಜೆಯ ಬಸ್ಸಿಗೆ ಅವರು ಹೋದಾಗ ಬುಟ್ಟಿಯೂ ಅವರ ಜೊತೆಗೇ ಹೋಯಿತು. ಬೀದಿಯ ಮಕ್ಕಳಿಗೆ ಅದೊಂದೇ ಬೇಸರ.

ಮುಂದೆ ರತ್ನಮ್ಮ ಬಸ್‌ಸ್ಟಾಂಡಿನ ಹತ್ತಿರ ಅಂಗಡಿ ಹಿಡಿದಳು. ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದಳು. ನೀಲಿ ಯಾಕಲ್ಲ ಎಂದು ಅತ್ತಿಗೆ ಕೇಳಿದರೆ, "ಅದು ನಿನ್ನ ಕತೆ" ಎಂದಳಂತೆ. ಅತ್ತಿಗೆ ಈಗಿಲ್ಲ. ಗೀತಾಳ ಮುಖದಲ್ಲಿ, ಏನನ್ನಾದರೂ ಮುಚ್ಚಿಡುವಾಗ, ಒಮ್ಮೊಮ್ಮೆ ಬಂದು ಹೋಗುತ್ತಾರೆ.

ಮೊನ್ನೆಯ ಸಭೆಯಲ್ಲಿ ಮೈಕು ಕೈ ಬದಲಿಸುತ್ತ ನನ್ನವರೆಗೂ ಬಂತು. ನನ್ನ ಹಿಂದೆ ಒಬ್ಬ ಹುಡುಗಿ ಬಹಳ ಹೊತ್ತಿನಿಂದ ಕೈ ಎತ್ತಿಕೊಂಡಿದ್ದಳು. ಅಷ್ಟರಲ್ಲಿ ವೇದಿಕೆಯ ಹುಡುಗ ನಗುತ್ತ, "ಕ್ಷಮಿಸಿ, ಸಮಯ ಮುಗಿಯಿತು" ಎಂದ. ಗಡಿಯಾರ ನೋಡಲು ಕೈ ಎತ್ತಿದೆ. ನೋಡದೆ ಇಳಿಸಿದೆ.

"ಇನ್ನೂ ಇದೆಯಪ್ಪ" ಎಂದೆ ಮೈಕಿನಲ್ಲಿ. ನನ್ನ ದನಿ ಡ್ರಿಲ್ ಮೈದಾನದ ದನಿಯಾಗಿಯೇ ಹೊರಟಿತು. ಹುಡುಗ ಕುರ್ಚಿಯಲ್ಲಿ ನೆಟ್ಟಗೆ ಕೂತ. ಮೈಕನ್ನು ಹಿಂದಕ್ಕೆ ಚಾಚಿದೆ. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೇಳಲೋ ಬೇಡವೋ ಎಂಬಂತೆ ನನ್ನನ್ನೇ ನೋಡಿದಳು.

"ಹೆದರ್ಕೊಂಡ್ರೂ ಪರವಾಗಿಲ್ಲ" ಎಂದೆ. "ಕೇಳು."