ಅಕ್ಕಿ ಡಬ್ಬಿಯೊಳಗಿನ ಫೋನು

ಇವತ್ತು ಬೆಳಿಗ್ಗೆ ಹೊಸ ಅಕ್ಕಿ ಚೀಲದ ಬಾಯಿ ಕತ್ತರಿಸಿ ಡಬ್ಬಿಗೆ ಸುರಿಯುತ್ತಿದ್ದೆ. ಸೋನಾ ಮಸೂರಿಯ ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತನ್ನಷ್ಟಕ್ಕೆ ತಾನೇ ಡಬ್ಬಿಯೊಳಗೆ ಇಳಿದು ಏನನ್ನೋ ಹುಡುಕತೊಡಗಿತು. ಅಲ್ಲಿ ಅಕ್ಕಿ ಬಿಟ್ಟು ಬೇರೇನಿರಬೇಕು? ಆದರೂ ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇದನ್ನು ಬರೆಯಲು ಕೂತವನು ಈಗಾಗಲೇ ಮೂರು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದಿದ್ದೇನೆ. ಐರ್ಲೆಂಡಿನ ಕಾರ್ಕ್ ನಗರದಲ್ಲಿ, ಹಾಲಿಹಿಲ್ಲಿನ ಈ ಮನೆಯ ಕಿಟಕಿಯಲ್ಲಿ ಪಕ್ಕದವರ ಕಸದ ತೊಟ್ಟಿಗಳು ಬಿಟ್ಟರೆ ನೋಡುವಂಥದ್ದೇನೂ ಇಲ್ಲ. ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ಕಾರ್ಕಿಗೆ ಬರುವ ಮುಂಚೆ, ಓದುತ್ತಿದ್ದಾಗಿನಿಂದ, ನಾನು ಡಬ್ಲಿನ್ನಿನ ಬ್ಯೂಮಾಂಟಿನಲ್ಲಿ ಒಂದು ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ಸುಧಕ್ಕ ಅಲ್ಲೇ ಆಸ್ಪತ್ರೆಯಲ್ಲಿ ನರ್ಸ್, ಅವರ ಗಂಡ ಮೋಹನ್ ಪೈಲಟ್. ಅವರು ಅಕ್ಕ ಆದಮೇಲೆ ಇವರು ಭಾವ ಆಗಲೇಬೇಕಲ್ಲ. ಭಾವ ಇಂಡಿಯಾದಲ್ಲಿ ಕ್ಯಾಪ್ಟನ್ ಆಗಿದ್ದವರು. ಆ ಕಂಪನಿ ಮುಚ್ಚಿಹೋದ ಮೇಲೆ ಇಲ್ಲಿಗೆ ಬಂದು, ತಲೆ ನರೆಯುವ ವಯಸ್ಸಿನಲ್ಲಿ ಮತ್ತೆ ಕೋಪೈಲಟ್ ಆಗಿ ಶುರು ಮಾಡಿದ್ದರು. ಭುಜದ ಮೇಲೆ ಮೂರು ಪಟ್ಟಿ. ನಾಲ್ಕನೆಯದು ಬಂದರೆ ಕ್ಯಾಪ್ಟನ್. "ಇನ್ನೊಂದು ಪಟ್ಟಿಗೆ ಜಾಗ ಬಿಟ್ಟೇ ಇಸ್ತ್ರಿ ಹಾಕ್ತಿದೀನಿ, ನೋಡ್ಕೊಳಿ" ಎಂದು ಅಕ್ಕ ರೇಗಿಸುತ್ತಿದ್ದರು. ಭಾವ ನಗುತ್ತಿದ್ದರು, ಆದರೆ ಆ ಪಟ್ಟಿಯ ಆಸೆ ಅವರಿಗೆ ಎಷ್ಟಿತ್ತೆಂದು ಆ ಮನೆಯ ಗೋಡೆಗಳಿಗೂ ಗೊತ್ತಿತ್ತು.

ಅವರು ಹಾರಿಸುತ್ತಿದ್ದದ್ದು ರೆಕ್ಕೆಯಲ್ಲಿ ಫ್ಯಾನು ತಿರುಗುವ ಪುಟ್ಟ ವಿಮಾನ. ಅದರ ಮೈ ಮೇಲೆ ದೊಡ್ಡ ಏರ್‌ಲೈನಿನ ಬಣ್ಣ, ದೊಡ್ಡ ಏರ್‌ಲೈನಿನ ಹೆಸರು. ಒಳಗೆ ಕೂತ ಪೈಲಟ್ಟು ಮಾತ್ರ ಗುತ್ತಿಗೆ ಹಿಡಿದ ಸಣ್ಣ ಕಂಪನಿಯವನು. ಸಂಬಳ ಬೇರೆ, ಕರಾರು ಬೇರೆ, ಯೂನಿಯನ್ನೂ ಬೇರೆ. ಪ್ರಯಾಣಿಕರಿಗೆ ಇದೊಂದೂ ಗೊತ್ತಾಗುವುದಿಲ್ಲ. ನನಗೂ ಗೊತ್ತಿರಲಿಲ್ಲ. ಓದು ಮುಗಿದ ಮೇಲೆ ಅದೇ ಸಣ್ಣ ಕಂಪನಿಯ ಕ್ರೂ ಡೆಸ್ಕಿನಲ್ಲಿ ಕೆಲಸ ಸಿಕ್ಕಿದಾಗ ತಿಳಿಯಿತು. ಪೈಲಟ್ಟುಗಳಿಗೆ ಡ್ಯೂಟಿ ಹಾಕುವುದು, ಯಾರಾದರೂ ಕೈಕೊಟ್ಟರೆ ರಜೆಯಲ್ಲಿರುವವರಿಗೆ ಫೋನ್ ಮಾಡಿ ಗೋಗರೆಯುವುದು, ಇದೇ ನನ್ನ ಉದ್ಯೋಗ. ಫೋನ್ ಎತ್ತದಿದ್ದರೆ 'ಉತ್ತರವಿಲ್ಲ' ಎಂದು ಬರೆಯಬೇಕು, ಅದಕ್ಕೆ ಯಾರೂ ಏನೂ ಕೇಳುವಂತಿಲ್ಲ. ಎತ್ತಿ ಬರಲ್ಲ ಎಂದರೆ 'ನಿರಾಕರಣೆ'. ಅದು ಹೆಸರಿನ ಮುಂದೆ ಹೋಗಿ ಕೂರುತ್ತದೆ, ಬಡ್ತಿಯ ಹೊತ್ತಿಗೆ ಎದ್ದು ಬರುತ್ತದೆ. ಆ ಕರೆಗಳೆಲ್ಲ ರೆಕಾರ್ಡ್ ಕೂಡ ಆಗುತ್ತವೆ.

ಆ ಬೇಸಿಗೆಯಲ್ಲಿ ದೊಡ್ಡ ಏರ್‌ಲೈನಿನ ಪೈಲಟ್ಟುಗಳು ಹೊಸ ಕರಾರಿಗಾಗಿ ಪಟ್ಟು ಹಿಡಿದರು. ರಜೆಯ ದಿನ ಕರೆದರೆ ಒಬ್ಬರೂ ಕೆಲಸಕ್ಕೆ ಬರುತ್ತಿರಲಿಲ್ಲ. ವಿಮಾನಗಳು ರದ್ದಾಗತೊಡಗಿದವು. ಆ ಹಾರಾಟಗಳನ್ನು ನಮ್ಮ ಕಂಪನಿಯ ಪೈಲಟ್ಟುಗಳಿಂದ ಮಾಡಿಸುವುದೆಂದು ಮೇಲಿನವರು ತೀರ್ಮಾನಿಸಿದರು.

ಅವತ್ತಿನಿಂದ ಭಾವ ತಮ್ಮ ರಜೆಯ ದಿನಗಳಲ್ಲಿ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳಿಡಲು ಶುರುಮಾಡಿದರು. ನೀರಿಗೆ ಬಿದ್ದ ಫೋನನ್ನು ಜನ ಅಕ್ಕಿಯಲ್ಲಿಡುವುದುಂಟು. ಇವರದು ಒಣಗಿಯೇ ಇತ್ತು.

"ಬರಲ್ಲ ಅನ್ನೋಕೆ ಧೈರ್ಯ ಇಲ್ಲ ಕಣೋ ನಂಗೆ, ಪ್ರಮೋಷನ್ ಲಿಸ್ಟ್ ಬರೋ ಟೈಮು" ಎಂದಿದ್ದರು ನನ್ನೆದುರೇ ಮುಚ್ಚಳ ಹಾಕುತ್ತ. "ಬರ್ತೀನಿ ಅನ್ನೋಕೂ ಮನಸ್ಸಿಲ್ಲ. ಇವತ್ತು ಅವರ ಕೆಲಸ ನಾವು ಅಗ್ಗಕ್ಕೆ ಮಾಡಿದ್ರೆ, ನಾಳೆ ನಮ್ಮ ಕೆಲಸ ಇನ್ನೂ ಅಗ್ಗಕ್ಕೆ ಮಾಡೋರು ಬರ್ತಾರೆ. ಇಲ್ಲೇ ಇರ್ಲಿ."

ಒಂದು ಶನಿವಾರ ಬೆಳಿಗ್ಗೆ ಡೆಸ್ಕಿನಲ್ಲಿ ನನ್ನ ಪಟ್ಟಿಯಲ್ಲಿ ಭಾವನ ಹೆಸರು ಬಂತು. ಫೋನ್ ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಅದು ಎಲ್ಲಿ ರಿಂಗಾಗುತ್ತಿದೆಯೆಂದು ನನಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತಿದ್ದ ನನ್ನ ಮೇಲಧಿಕಾರಿ ಡೆಕ್ಲನ್, "ನೀನು ಅವರ ಮನೆಯಲ್ಲೇ ಅಲ್ಲವೇ ಇರುವುದು? ಹೆಂಡತಿಗೆ ಮಾಡು" ಎಂದ. ನಂಬರಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ವಿಧೇಯ ವಿದ್ಯಾರ್ಥಿಯಾಗಿಯೇ ಬೆಳೆದವನು ನಾನು, ಕೈ ಆಗಲೇ ಒತ್ತಿಬಿಟ್ಟಿತ್ತು.

"ಏನಾಯ್ತು?" ಎಂದರು ಅಕ್ಕ ಗಾಬರಿಯಲ್ಲಿ. ಏನೂ ಇಲ್ಲ, ಭಾವನಿಗೆ ಕೊಡಿ ಎಂದೆ.

ಭಾವ ಕಂಪನಿಯ ಆ ಲೈನಿನಲ್ಲಿ ಯಾವತ್ತೂ ಇಂಗ್ಲಿಷ್ ಬಿಟ್ಟು ಮಾತಾಡಿದವರಲ್ಲ. ಅವತ್ತು ಕನ್ನಡದಲ್ಲಿ, ನಿಧಾನವಾಗಿ ಹೇಳಿದರು: "ಅವರ ಜಗಳ ಮುಗಿಯೋವರ್ಗೂ ಅವರ ಫ್ಲೈಟ್ ನಾನು ಹಾರ್ಸಲ್ಲ. ಅಲ್ಲಿ ಏನ್ ಹೇಳ್ಬೇಕೋ ನೀನೇ ನೋಡ್ಕೊ."

ಡೆಕ್ಲನ್ ಏನಂತೆ ಎಂದು ಕೇಳಿದ. ಬರಲ್ಲವಂತೆ ಎಂದೆ. "ಗ್ರ್ಯಾಂಡ್" ಎಂದು, ಇಲ್ಲಿಯವರು ಸರಿ ಎನ್ನುವ ಹಾಗೆ, ಹೆಗಲು ತಟ್ಟಿ ಹೋದ. ನಾನು 'ನಿರಾಕರಣೆ' ಎಂದು ಬರೆದೆ.

ಬಡ್ತಿಯ ಲಿಸ್ಟು ಬಂತು, ಅದರಲ್ಲಿ ಭಾವನ ಹೆಸರಿರಲಿಲ್ಲ. ದೊಡ್ಡವರ ಜಗಳ ಮುಗಿದು ಅವರಿಗೆ ಹೊಸ ಕರಾರು ಸಿಕ್ಕಿತು, ಸಣ್ಣ ಕಂಪನಿಯವರನ್ನು ಯಾರೂ ನೆನೆಯಲಿಲ್ಲ. ಭಾವ ನನಗೆ ಒಂದು ಮಾತು ಅನ್ನಲಿಲ್ಲ, ಊಟಕ್ಕೆ ಕರೆಯುವುದನ್ನೂ ಬಿಡಲಿಲ್ಲ. ನನಗೇ ಆ ಮನೆಯಲ್ಲಿ ಅನ್ನ ಇಳಿಯದಾಯಿತು. ಕಾರ್ಕಿನಲ್ಲಿ ಬೇರೆ ಕೆಲಸ ಸಿಕ್ಕಿತೆಂದು ಹೊರಟು ಬಂದೆ.

ಇವತ್ತು ಅಕ್ಕಿಯೊಳಗೆ ಕೈಯಿಟ್ಟು ನಿಂತಾಗ ಥಟ್ಟನೆ ಹೊಳೆಯಿತು ನೋಡಿ. ಆ ಡೆಸ್ಕಿನಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬನಿಗೆ. ಮೈ ಹುಷಾರಿಲ್ಲವಂತೆ ಎನ್ನಬಹುದಿತ್ತು, ಲೈನ್ ಕಟ್ಟಾಯಿತು ಎನ್ನಬಹುದಿತ್ತು. ಅದಕ್ಕೆಂದೇ ಅವರು ಕನ್ನಡದಲ್ಲಿ ಮಾತಾಡಿದ್ದು. ತಮ್ಮ ನಾಲ್ಕನೆಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ನೀನೇ ನೋಡ್ಕೊ ಎಂದಿದ್ದರು. ನಾನು ಅದನ್ನು ಅಚ್ಚುಕಟ್ಟಾಗಿ ಅನುವಾದ ಮಾಡಿ ಕಂಪನಿಗೆ ಒಪ್ಪಿಸಿದ್ದೆ.

ನಾಲ್ಕನೆಯ ಸಲ ಎದ್ದವನು ಕಿಟಕಿಗೆ ಹೋಗಲಿಲ್ಲ. ಫೋನ್ ಮಾಡಿದೆ.

"ಹೇಳಪ್ಪಾ" ಎಂದರು ಭಾವ. ಹೇಳಿದೆ, ಎಲ್ಲವನ್ನೂ, ತಡವರಿಸುತ್ತ.

"ಇದು ರೆಕಾರ್ಡ್ ಆಗ್ತಿಲ್ವಲ್ಲ?"

"ಇಲ್ಲ ಭಾವ."

"ಹಂಗಾದ್ರೆ ಹೇಳ್ತೀನಿ. ಬೇಜಾರಾಗಿತ್ತು ಕಣೋ. ತುಂಬಾ ಬೇಜಾರಾಗಿತ್ತು."

ಇನ್ನೂ ಹೇಳಲಿ ಎಂದು ನಾನು ಸುಮ್ಮನೆ ಕೇಳುತ್ತ ಕೂತೆ.